ಪಕ್ಕೆಯ ಮೇಲೆ ಕೈ ಇಟ್ಟು ನೋಡು

ನಿಮ್ಮ ಲ್ಯಾಬ್ರಡಾರ್ ಬ್ರೂನೋ, ಡಾಕ್ಟರ ತಕ್ಕಡಿಯಲ್ಲಿ 38 ಕಿಲೋ ತೂಗಿದ ಅಂತ ನೀನು ಮುಖ ಸಣ್ಣ ಮಾಡಿಕೊಂಡಿದ್ದೀಯ. ನಿಮ್ಮಮ್ಮ ನೋಡಿದರೆ, ಮೈ ಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿದ್ದಾನೆ, ದೃಷ್ಟಿ ಹಾಕಬೇಡಿ ಅಂತಾರೆ. ಎರಡನ್ನೂ ಸ್ವಲ್ಪ ಪಕ್ಕಕ್ಕಿಡು ಕಣಪ್ಪ. ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕಿಲೋ ಇರುತ್ತೆ, ನಿಜ. ಆದರೆ ದೊಡ್ಡ ಮೈಕಟ್ಟಿನ ನಾಯಿಗೆ 36 ಒಪ್ಪಿದರೆ, ಸಣ್ಣ ಮೈಕಟ್ಟಿನದಕ್ಕೆ 32 ಕೂಡ ಹೆಚ್ಚೇ. ಎಲುಬೆಷ್ಟು, ಕೊಬ್ಬೆಷ್ಟು ಅಂತ ತಕ್ಕಡಿ ಬಿಡಿಸಿ ಹೇಳಲ್ಲ. ಅದು ಗೊತ್ತಾಗೋದು ಕೈಗೆ.

ಅವನನ್ನು ನಿಲ್ಲಿಸಿಕೊಂಡು ಎರಡೂ ಪಕ್ಕೆ ಮೆಲ್ಲಗೆ ಸವರು, ಒತ್ತಬೇಡ. ಆಮೇಲೆ ನಿನ್ನ ಕೈಯನ್ನೇ ಮುಟ್ಟಿ ನೋಡು. ಬೆರಳು ಚಾಚಿದಾಗ ಅಂಗೈಯ ಹಿಂಬದಿಯಲ್ಲಿ ತೆಳ್ಳನೆ ಚರ್ಮದಡಿ ಮೂಳೆ ಸಿಗುತ್ತಲ್ಲ, ಅವನ ಪಕ್ಕೆಲುಬು ಅಷ್ಟೇ ಸುಲಭವಾಗಿ ಸಿಕ್ಕರೆ ತೂಕ ಸರಿಯಾಗಿದೆ. ಮುಷ್ಟಿ ಕಟ್ಟಿದಾಗಿನ ಗೆಣ್ಣುಗಳಂತೆ ಎದ್ದು ನಿಂತಿದ್ದರೆ ಬಡಕಲು. ಅಂಗೈಯ ಮೆತ್ತನೆ ಭಾಗದಂತೆ, ಒತ್ತಿ ಹುಡುಕಬೇಕಾದರೆ ಕೊಬ್ಬು ಜಾಸ್ತಿ. ಮೇಲಿನಿಂದ ನೋಡಿದರೆ ಪಕ್ಕೆ ಮುಗಿದ ಕಡೆ ಸೊಂಟ ಒಳಕ್ಕೆ ಹೋಗಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಎದೆಗಿಂತ ಮೇಲಕ್ಕೆ ಎಳೆದುಕೊಂಡಿರಬೇಕು. ಪೊಮೆರೇನಿಯನ್‌ನಂಥ ಕೂದಲಿನ ನಾಯಿಯಲ್ಲಿ ಕಣ್ಣನ್ನು ನಂಬಲೇಬೇಡ. ಪಶುವೈದ್ಯರು ಹೀಗೆ ಮುಟ್ಟಿ, ನೋಡಿಯೇ 1ರಿಂದ 9ರವರೆಗೆ ಅಂಕ ಕೊಡೋದು. 4 ಅಥವಾ 5 ಬಂದರೆ ಒಳ್ಳೇದು. 5ರ ಮೇಲೆ ಒಂದೊಂದು ಅಂಕ ಏರಿದರೂ ತೂಕ ಸುಮಾರು ಶೇ. 10ರಿಂದ 15ರಷ್ಟು ಹೆಚ್ಚಿದೆ ಅಂತ ಲೆಕ್ಕ.

ಹಿಂದಿನ ಬೀದಿಯವರ ಮುಧೋಳ ನಾಯಿ ನೋಡಿ, ಪಾಪ, ಊಟ ಹಾಕಲ್ವೇನೋ ಅಂದರಲ್ಲ ನಿಮ್ಮಮ್ಮ? ಅದು ಓಡಿ ಬೇಟೆಯಾಡುವ ತಳಿ. ಕೊನೆಯ ಒಂದೆರಡು ಪಕ್ಕೆಲುಬು ಕಾಣೋದೇ ಅದರ ಲಕ್ಷಣ, ತೊಡೆಯಲ್ಲಿ ಮಾಂಸ ಗಟ್ಟಿಯಾಗಿದ್ದರೆ ಸಾಕು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, 2016ರಲ್ಲಿ ಸೇನೆಯವರು ತರಬೇತಿಗೆ ಕರೆದುಕೊಂಡು ಹೋದ ನಾಯಿ. ಹೊಟ್ಟೆಗಿಲ್ಲದೆ ಹೋಗಿತ್ತೇ? ಅದಕ್ಕೂ ಬ್ರೂನೋಗೂ ಒಂದೇ ಅಳತೆ ಹಿಡಿಯೋದು ತಪ್ಪು.

ಇನ್ನು ಬ್ರೂನೋ ಹಸಿವಿನ ವಿಷಯ. ತಟ್ಟೆ ನೆಕ್ಕಿ ಮುಗಿಸಿ ನಿನ್ನನ್ನೇ ನೋಡಿಕೊಂಡು ಕೂರುತ್ತಾನಲ್ಲ, ಅದು ಹೊಟ್ಟೆಯ ಹಸಿವೇ ಆಗಿರಬೇಕು ಅಂತಿಲ್ಲ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಸುವ ಒಂದು ವಂಶವಾಹಿ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಊನವಾಗಿರುತ್ತೆ ಅಂತ 2016ರಲ್ಲೇ ಕೇಂಬ್ರಿಜ್ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದರ ಮೇಲೆ ಅವನಿಗೆ ಆಪರೇಷನ್ ಬೇರೆ ಆಗಿದೆ. ಸಂತಾನಹರಣ ಆದ ನಾಯಿಗೆ ಮೊದಲಿನಷ್ಟು ಊಟ ಬೇಕಾಗಲ್ಲ, ಬಾಯಿ ಮಾತ್ರ ಇನ್ನಷ್ಟು ಕೇಳುತ್ತೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲೂ ಒಂದಕ್ಕೆ ಕಾಲು ಪಾಲು ಕಡಿಮೆ ಊಟ ಹಾಕಿದರು. ಫಲಿತಾಂಶ ಬಂದದ್ದು 2002ರಲ್ಲಿ. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದರೆ, ಅವುಗಳ ಜೊತೆಯವು 11 ಚಿಲ್ಲರೆ ವರ್ಷ. ಕೀಲುನೋವೂ ಕಡಿಮೆ ತಿಂದವಕ್ಕೆ ತಡವಾಗಿ ಬಂತು.

ನಿಮ್ಮ ಮನೆಯಲ್ಲಿ ನಡೆಯೋದು ನನಗೆ ಗೊತ್ತಿಲ್ಲವೇ? ಎಲೆಕ್ಟ್ರಾನಿಕ್ ಸಿಟಿಗೆ ಹೊರಡುವ ಮುಂಚೆ ನೀನು ಊಟ ಹಾಕ್ತೀಯ. ಹನ್ನೊಂದಕ್ಕೆ ನಿಮ್ಮಮ್ಮನ ಮೊಸರನ್ನ. ಬೊಮ್ಮಸಂದ್ರದ ಶಿಫ್ಟ್ ಮುಗಿಸಿ ಬಂದ ನಿನ್ನ ಹೆಂಡತಿ, ಪಾಪ ಹಸಿದಿದ್ದಾನೆ ಅಂತ ಇನ್ನೊಂದು ಸಲ. ಗೇಟಿನ ಹತ್ತಿರ ವಾಚ್‌ಮನ್ ಬಿಸ್ಕೆಟ್. ಗ್ಲೂಕೋಸ್ ಬಿಸ್ಕೆಟ್ ಪೊಟ್ಟಣದ ಹಿಂದೆ ಓದು, 100 ಗ್ರಾಂಗೆ ಸುಮಾರು 450 ಕ್ಯಾಲರಿ. ಅವನಿಗೆ ದಿನಕ್ಕೆ ಬೇಕಾಗೋದು 1,200ರ ಆಸುಪಾಸು. ಒಂದು ಪೊಟ್ಟಣ ಅದರಲ್ಲಿ ಎಷ್ಟು ನುಂಗಿತು ಅಂತ ಲೆಕ್ಕ ಹಾಕೋಕೆ ನಿನಗೆ ನಾನು ಹೇಳಿಕೊಡಬೇಕೇ!

ಹಾಗಂತ ಉಪವಾಸ ಕೆಡವಬೇಡ. ವಾರಕ್ಕೆ ಮೈತೂಕದ ಶೇ. 1ರಿಂದ 2ರಷ್ಟು ಇಳಿದರೆ ಸಾಕು. 38 ಕಿಲೋ ಎತ್ತಿಕೊಂಡು ಮನೆ ಮಷಿನ್ ಮೇಲೆ ನಿಂತು ಸೊಂಟ ಹಿಡಿಸಿಕೊಳ್ಳಬೇಡ, ಹದಿನೈದು ದಿನಕ್ಕೊಮ್ಮೆ ಡಾಕ್ಟರ ತಕ್ಕಡಿಗೇ ಕರೆದುಕೊಂಡು ಹೋಗು. ಟಾರು ಕಾಯುವ ಮೊದಲು ಕೆರೆ ಕಡೆಗೆ ನಡೆಸು. ದಪ್ಪ ನಾಯಿಗೆ ಬಿಸಿಲು ಬೇಗ ತಾಗುತ್ತೆ. ಕಡಿಮೆ ತಿಂದೂ ಮೈ ಬರುತ್ತಿದ್ದರೆ, ಮಂಕಾಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸು. ನೀನು ಇಳಿಸದೇ ತಾನಾಗಿ ಇಳಿದರೆ ಮಾತ್ರ ಖುಷಿಪಡಬೇಡ. ನಮ್ಮ ಕಡೆ ಉಣ್ಣೆಜ್ವರ ಇದ್ದೇ ಇದೆ, ಜಂತುಹುಳವೂ ಇದೆ. ಅವತ್ತೇ ರಕ್ತ ಪರೀಕ್ಷೆ ಆಗಲಿ.

ನಿಮ್ಮಮ್ಮನಿಗೆ ಕೊಡಬೇಡಿ ಅನ್ನಬೇಡ, ನೊಂದುಕೊಳ್ತಾರೆ. ಡಾಕ್ಟರು ಹೇಳಿದಷ್ಟು ಊಟವನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬದಲ್ಲಿಡು. ಮೊಸರನ್ನ, ಬಿಸ್ಕೆಟ್ ಏನೇ ಇದ್ದರೂ ಹತ್ತರಲ್ಲಿ ಒಂದು ಪಾಲು ಮೀರದ ಹಾಗೆ ಅದರ ಲೆಕ್ಕದಲ್ಲೇ ಬರಲಿ. ಕೈತಿಂಡಿಗೆ ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ ಆಗುತ್ತೆ. ಈರುಳ್ಳಿ, ದ್ರಾಕ್ಷಿ ಬೇಡವೇ ಬೇಡ. ಯಾರು ಕೊಟ್ಟರೂ ಆ ಡಬ್ಬದಿಂದಲೇ ಕೊಡಲಿ. ಅದು ಸಂಜೆ ಆರಕ್ಕೇ ಖಾಲಿಯಾದರೆ ಅವತ್ತಿನ ಊಟ ಮುಗೀತು, ಅವನು ಎಷ್ಟೇ ಬಾಲ ಅಲ್ಲಾಡಿಸಲಿ.