ಬುದ್ಧಿ ಒಪ್ಪಿದರೆ ಸಾಲದು

ಪೊವಾಯಿಯ ಐಐಟಿಯಲ್ಲಿ ಓದುವ, ಬಾಂದ್ರಾ-ಕುರ್ಲಾದ ಕಚೇರಿಗಳಲ್ಲಿ ಕೋಟಿಗಳ ಲೆಕ್ಕ ನೋಡುವ ನಮ್ಮ ಕನ್ನಡದ ಮಕ್ಕಳೇ, ಪಂಡಿತಾ ರಮಾಬಾಯಿಯವರ ಬದುಕನ್ನು ಒಮ್ಮೆ ಓದಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲೇ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’, ‘ಸರಸ್ವತಿ’ ಎನಿಸಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಇದೇ ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು.

ಇಷ್ಟು ಓದಿ, ಇಷ್ಟು ಮಾಡಿದ ಮೇಲೂ ಅವರು ಬರೆದುಕೊಂಡದ್ದನ್ನು ಗಮನಿಸಿ: ದೀಕ್ಷಾಸ್ನಾನವಾದಾಗ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು. ಬುದ್ಧಿ ಒಪ್ಪಿತ್ತು, ಹೃದಯ ಇನ್ನೂ ಶರಣಾಗಿರಲಿಲ್ಲ. ಅಂಥ ಪಂಡಿತೆಗೇ ಹೀಗಾದರೆ ನಮ್ಮ ಪಾಡೇನು?

ವಿದ್ಯೆಯನ್ನು ಹಳಿಯುತ್ತಿಲ್ಲ. ಅವರೇ ಮುಂದೆ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ದೇವರಿಗೆ ಬಾಗಿದ ವಿದ್ಯೆ ಅದು. ದೇವರನ್ನು ಹೊರಗಿಟ್ಟ ಜಾಣತನಕ್ಕೆ ಸಂಬಳದ ಲೆಕ್ಕ ಗೊತ್ತು, ಸಾವಿನ ಮನೆಯಲ್ಲಿ ಆಡಲು ಮಾತಿಲ್ಲ. ಲೋಕದ ಜಾಣತನದ ಈ ಮಿತಿಯನ್ನೇ ಹೇಳುವ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಮೊದಲ ಅಧ್ಯಾಯವನ್ನು ಇಂದು ಲೋಕಲ್ ರೈಲಿನಲ್ಲಿ ಮನೆಗೆ ಮರಳುವಾಗ ಮೊಬೈಲಿನಲ್ಲೇ ಓದಿ. ಓದುವ ಮುನ್ನ, ‘ದೇವರೇ, ನೀನೇ ಕಲಿಸು’ ಎಂದು ಬೇಡಿಕೊಳ್ಳಿ.