‘ಎಷ್ಟನೆಯ’ ಎಂದು ಇಂಗ್ಲಿಷಿನಲ್ಲಿ ಕೇಳುವುದು ಹೇಗೆ?

ಬೋಧನಾಭ್ಯಾಸದ ಅವಧಿಯಲ್ಲಿ ಬಸವೇಶ್ವರನಗರದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಸೌರವ್ಯೂಹದ ಪಾಠ ಮಾಡಿ, 10 ಅಂಕಗಳ ಕಿರುಪರೀಕ್ಷೆ ಕೊಟ್ಟೆ. ನಾನು ಹೈಸ್ಕೂಲಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ರಶ್ನೆಗಳು ಮೊದಲು ಹೊಳೆಯುವುದು ಕನ್ನಡದಲ್ಲೇ. ‘ಮಂಗಳವು ಸೂರ್ಯನಿಂದ ಎಷ್ಟನೆಯ ಗ್ರಹ?’ ಎಂಬುದನ್ನು ‘ವಿಚ್ ಪ್ಲಾನೆಟ್ ಈಸ್ ಮಾರ್ಸ್?’ ಎಂದು ಬರೆದೆ. ನನಗೆ ಬೇಕಿದ್ದ ಉತ್ತರ ‘ನಾಲ್ಕನೆಯದು’. ಒಬ್ಬ ಹುಡುಗಿ ‘ರೆಡ್ ಪ್ಲಾನೆಟ್’ ಎಂದು ಬರೆದಿದ್ದಳು. ಸೊನ್ನೆ ಹಾಕಿದೆ.

‘ಮಿಸ್, ಮಾರ್ಸ್ ರೆಡ್ ಪ್ಲಾನೆಟ್ ಅಂತ ನೀವೇ ಹೇಳಿದ್ರಲ್ಲ?’ ಎಂದು ಅವಳು ಪೇಪರ್ ಹಿಡಿದು ಬಂದಾಗ ನನ್ನ ಬಳಿ ಮಾತಿರಲಿಲ್ಲ. ನಾನು ಕೇಳಿದ್ದಕ್ಕೆ ಅವಳ ಉತ್ತರ ಸರಿಯೇ ಇತ್ತು. ಅಂಕ ಕೊಟ್ಟು, ಉಳಿದ ಪೇಪರುಗಳನ್ನೂ ಮತ್ತೆ ನೋಡಿದೆ.

ನಮ್ಮ ‘ಎಷ್ಟನೆಯ’ಕ್ಕೆ ಇಂಗ್ಲಿಷಿನಲ್ಲಿ ಸಮನಾದ ಒಂದು ಬಳಕೆಯ ಪದವಿಲ್ಲ. ಅಲ್ಲಿ ಸಹಜವಾಗಿ ಕೇಳಬೇಕೆಂದರೆ ಪ್ರಶ್ನೆಯನ್ನೇ ತಿರುಗಿಸಬೇಕು: ‘ವಿಚ್ ಪ್ಲಾನೆಟ್ ಈಸ್ ಫೋರ್ತ್ ಫ್ರಮ್ ದ ಸನ್?’ ಆದರೆ ಆಗ ಕ್ರಮವನ್ನು ನಾವೇ ಹೇಳಿಕೊಟ್ಟು ಹೆಸರನ್ನು ಕೇಳಿದಂತಾಗುತ್ತದೆ. ಕ್ರಮವೇ ಬೇಕಿದ್ದರೆ ‘ಕೌಂಟಿಂಗ್ ಫ್ರಮ್ ದ ಸನ್, ವಾಟ್ ಈಸ್ ದ ಪೊಸಿಷನ್ ಆಫ್ ಮಾರ್ಸ್?’ ಎನ್ನಬಹುದು, ಸ್ವಲ್ಪ ಉದ್ದ, ಆದರೆ ‘ರೆಡ್’ ಎಂಬ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ಆವರ್ತಕ ಕೋಷ್ಟಕದಲ್ಲಿ ಕಾರ್ಬನ್ ಎಷ್ಟನೆಯದು ಎನ್ನುವಲ್ಲಿ ಈ ತೊಡಕಿಲ್ಲ: ಅಟಾಮಿಕ್ ನಂಬರ್ ಕೇಳಿದರೆ 6 ಬರುತ್ತದೆ.

ಪಾಠದ ವರದಿ ಬರೆಯುವಾಗಲೂ ಇದೇ ಕಥೆ. ‘ಐ ಆಸ್ಕ್ಡ್ ವೈ ಡಸ್ ದ ಮೂನ್ ಶೈನ್’ ಎಂದು ಬರೆದಿದ್ದೆ. ಕನ್ನಡದಲ್ಲಿ ‘ಚಂದ್ರ ಏಕೆ ಹೊಳೆಯುತ್ತಾನೆ’ ಎಂಬ ಪ್ರಶ್ನೆಯನ್ನು ಹಾಗೇ ಇಟ್ಟು ‘ಎಂದು ಕೇಳಿದೆ’ ಸೇರಿಸಿದರೆ ಸಾಕು. ಇಂಗ್ಲಿಷಿನಲ್ಲಿ ಒಳಗೆ ಸೇರಿದ ಪ್ರಶ್ನೆ ಪ್ರಶ್ನೆಯ ರೂಪ ಬಿಡುತ್ತದೆ: ‘ವೈ ದ ಮೂನ್ ಶೈನ್ಸ್’. ‘ಮಕ್ಕಳಿಗೆ’ ಎಂಬುದರ ನೆರಳಿನಲ್ಲಿ ಬರುವ ‘ಆಸ್ಕ್ಡ್ ಟು ದ ಸ್ಟೂಡೆಂಟ್ಸ್’ನ ‘ಟು’ ಕೂಡ ಬೇಡ.

‘ಸ್ಟೂಡೆಂಟ್ಸ್ ಆಸ್ಕ್ಡ್ ಡೌಟ್ಸ್’ ಎಂಬ ಸಾಲಿನ ಪಕ್ಕದಲ್ಲಿ ನಮ್ಮ ಮಾರ್ಗದರ್ಶಕರು, ಅವರು ನಿಮ್ಮ ಮಾತನ್ನು ನಂಬಲಿಲ್ಲವೇ ಅಥವಾ ಇನ್ನಷ್ಟು ತಿಳಿಯಲು ಕೇಳಿದರೇ ಎಂದು ಬರೆದಿದ್ದರು. ಈಗ ವರದಿಯಲ್ಲಿ ‘ಕ್ವೆಶ್ಚನ್ಸ್’ ಎಂದೇ ಬರೆಯುತ್ತೇನೆ. ತರಗತಿಯಲ್ಲಿ ‘ಮಿಸ್, ಡೌಟು’ ಎಂದರೆ ಮಾತ್ರ ತಿದ್ದುವುದಿಲ್ಲ. ಕೈ ಎತ್ತಿದ್ದೇ ದೊಡ್ಡದು.

ಮುಂದಿನ ಪರೀಕ್ಷೆಗೆ ಮುನ್ನ ಪ್ರಶ್ನೆಪತ್ರಿಕೆಯನ್ನು ವಿಜಯನಗರದಿಂದ ಬರುವ ಸಹಪಾಠಿಗೆ ಕೊಟ್ಟು ಉತ್ತರ ಬರೆಸಿದೆ. ಎರಡು ಪ್ರಶ್ನೆಗಳಿಗೆ ನಾನು ಎಣಿಸದ ಉತ್ತರ ಬಂತು. ಎರಡನ್ನೂ ಬದಲಿಸಿದೆ.