ತುಟಿಗುಳ್ಳೆಗೆ ಕಡ್ಲಿ ಹುಳಿ ಕಾರಣವಲ್ಲ

ನವಲಗುಂದದ ಎರೆಹೊಲಗಳಲ್ಲಿ ಕಡ್ಲಿ ಕೀಳುವ ದಿನ ಬಂದರೆ ನನ್ನ ಕೆಳತುಟಿಯ ಎಡಮೂಲೆಗೆ ಗುಳ್ಳೆ ಏಳುವುದು ಖಾತ್ರಿ. ಮೊದಲು ಇರುವೆ ಹರಿದ ಹಾಗೆ ಚುಮುಚುಮು. ಮರುದಿನ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. ಆಮೇಲೆ ಅವು ಒಡೆದು ಹಕ್ಕಳೆ ಕಟ್ಟಿ, ರೊಟ್ಟಿ ತುತ್ತಿಗೆ ಬಾಯಿ ತೆರೆದರೆ ಸೀಳಿ ರಕ್ತ. ವಾರ, ಹತ್ತು ದಿನಕ್ಕೆ ಕಲೆಯಿಲ್ಲದೆ ಮಾಯ್ದು, ಮುಂದೆಂದೋ ಮತ್ತೆ ಅದೇ ಜಾಗಕ್ಕೆ.

ಓಣಿಯಲ್ಲಿ ಕಾರಣಗಳಿಗೆ ಬರವಿಲ್ಲ. 'ಕಡ್ಲಿ ಹುಳಿ ಹತ್ತೇತ್ರಿ ಅಕ್ಕಾರ' ಎನ್ನುತ್ತಾರೆ ಕೂಲಿಗೆ ಬರುವ ಹೆಣ್ಣುಮಕ್ಕಳು. 'ಮಲಗಿದಾಗ ಹಲ್ಲಿ ಹರದಾಡಿರಬೇಕು ನೋಡವಾ' ಎಂದು ಅತ್ತಿ. 'ಉಷ್ಣ ಆಗೇತಿ, ಮಜ್ಜಿಗಿ ಕುಡಿ' ಎಂದು ಅವ್ವ. ಹುಳಿಯ ಮಾತನ್ನು ನಾನು ಬಹಳ ಕಾಲ ನಂಬಿದ್ದೆ, ಅದರಲ್ಲಿ ಹುರುಳೂ ಇದೆ. ಕಡ್ಲಿ ಎಲೆಯ ರೋಮಗಳಿಂದ ಜಿನುಗುವ ರಸದಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳಿರುತ್ತವೆ. ಬೆರಳ ಸಂದಿ ಒಡೆಯುತ್ತದೆ, ಅದೇ ಕೈ ತುಟಿಗೆ ತಾಗಿದರೆ ಉರಿಯುತ್ತದೆ. ಆದರೆ ಸಾಲು ಹಿಡಿದು ಕೀಳುವ ಎಲ್ಲರ ತುಟಿಗೂ ಗುಳ್ಳೆ ಏಳುವುದಿಲ್ಲ. ನನಗೋ ಮಳೆಗಾಲದ ಜ್ವರದ ಬೆನ್ನಿಗೂ ಏಳುತ್ತದೆ. ಆಗ ಹೊಲದಲ್ಲಿ ಕಡ್ಲಿ ಎಲ್ಲಿಂದ ಬರಬೇಕು?

ಹುಬ್ಬಳ್ಳಿಯ ಚರ್ಮರೋಗದ ಡಾಕ್ಟರೊಬ್ಬರು ಬಿಡಿಸಿ ಹೇಳಿದ ಮೇಲೆ ಲೆಕ್ಕ ಕೂಡಿತು. ಇದು ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ವೈರಸ್‌ನ ಕೆಲಸ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ಹಿರಿಯರ ಮುತ್ತಿನಿಂದಲೋ ಎಂಜಲಿನಿಂದಲೋ ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದಿದೆ. ಬಹಳ ಮಂದಿಗೆ ಗುಳ್ಳೆಯೇ ಏಳುವುದಿಲ್ಲ. ಒಮ್ಮೆ ಹೊಕ್ಕ ವೈರಸ್ ಮುಖದ ನರದ ಗಂಟಿನಲ್ಲಿ ಸುಮ್ಮನೆ ಉಳಿಯುತ್ತದೆ, ಎಚ್ಚರವಾದಾಗ ಅದೇ ನರದ ಗುಂಟ ತುಟಿಗಿಳಿಯುತ್ತದೆ. ಜಾಗ ಬದಲಾಗದಿರುವುದು ಅದಕ್ಕೇ. ಹಾಗಾಗಿ ಕೇಳಬೇಕಾದದ್ದು ಅದನ್ನು ಎಬ್ಬಿಸುವುದು ಯಾವುದು ಎಂದು.

ನನ್ನ ಮಟ್ಟಿಗೆ ಬಿಸಿಲು ಮತ್ತು ನಿದ್ದೆಗೇಡು ಕೂಡಿದರೆ ಸಾಕು. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು ಹೊಲಕ್ಕೆ ಹೋದರೆ ಮೊದಲು ಒಣ ಚಳಿಗಾಳಿ, ಆಮೇಲೆ ಮರದ ನೆರಳಿಲ್ಲದ ಎರೆಯಲ್ಲಿ ಸುಡು ಬಿಸಿಲು. ಸೆರಗು ತಲೆ ಕಾಯುತ್ತದೆ, ತುಟಿಯನ್ನಲ್ಲ. ಬಿಸಿಲಿನ ನೇರಳಾತೀತ ಕಿರಣ ತುಟಿಯ ಚರ್ಮದ ಕಾವಲನ್ನೇ ಕುಗ್ಗಿಸುತ್ತದೆ. ಕಲಘಟಗಿಗೆ ಕೊಟ್ಟ ನಾದಿನಿಗೆ ಬಿಸಿಲಿನ ತಂಟೆಯಿಲ್ಲ. ಅವಳಿಗೆ ಮುಟ್ಟಿನ ದಿನಗಳಲ್ಲಿ ಏಳುತ್ತದೆ. ಪಕ್ಕದ ಮನೆಯ ಕಾಕಾಗೆ ಹಲ್ಲು ಕೀಳಿಸಿದ ಮೇಲೆ ಎದ್ದಿತ್ತು. ಜ್ವರ, ದಣಿವು, ಮನಸ್ಸಿನ ಒತ್ತಡವೂ ಎಬ್ಬಿಸುತ್ತವೆ. ಬದನೆಕಾಯಿ, ಖಾರ ಬಿಟ್ಟು ನೋಡಿದೆ, ಏನೂ ವ್ಯತ್ಯಾಸವಾಗಲಿಲ್ಲ. ಖಾರ ಒಡೆದ ಗುಳ್ಳೆಗೆ ಉರಿ ತರುತ್ತದೆ, ಅಷ್ಟೇ.

ಈಗ ಕಡ್ಲಿ ಕೀಳುವಾಗ ಮೂಗಿನ ಕೆಳಗೆ ಬರುವಂತೆ ವಸ್ತ್ರ ಸುತ್ತಿಕೊಳ್ಳುತ್ತೇನೆ, ಬಿಸಿಲು ತಡೆಯುವ ಲಿಪ್ ಬಾಮ್ ಹಚ್ಚುತ್ತೇನೆ. ಗುಳ್ಳೆ ಕಡಿಮೆಯಾಗಿದೆ, ನಿಂತಿಲ್ಲ. ಚುಮುಚುಮು ಶುರುವಾದ ಕೂಡಲೇ ಡಾಕ್ಟರು ಬರೆದುಕೊಟ್ಟ ಅಸೈಕ್ಲೊವಿರ್. ಹಕ್ಕಳೆ ಕಟ್ಟಿದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಕೇಳದೆ ತಂದ ಸ್ಟೀರಾಯ್ಡ್ ಮುಲಾಮು, ಸುಣ್ಣ ಮಾತ್ರ ಬೇಡವೇ ಬೇಡ.

ನನಗೆ ಎಲ್ಲಕ್ಕಿಂತ ಆತಂಕ ಕೂಸುಗಳದ್ದು. ತೊಟ್ಟಿಲಿಗೆ ಹಾಕುವ ದಿನ ಬಂದವರೆಲ್ಲ ಕೂಸಿಗೆ ಮುತ್ತಿಡುವುದು ನಮ್ಮಲ್ಲಿ ರೂಢಿ. ದೊಡ್ಡವರಿಗೆ ವಾರದ ಕಿರಿಕಿರಿಯಾದ ಈ ವೈರಸ್ ಹಸುಗೂಸಿನ ಮಿದುಳಿಗೆ ಹೋದರೆ ಜೀವಕ್ಕೇ ಅಪಾಯ. 'ತುಟೀಗೆ ಗುಳ್ಳಿ ಎದ್ದಾವ್ರಿ, ನಾ ಕೂಸಿನ ಎತಗೋಳಂಗಿಲ್ಲ' ಎಂದು ಬಾಗಿಲಲ್ಲೇ ಹೇಳಿಬಿಡುತ್ತೇನೆ. ಒಂದಿಬ್ಬರು ಮುಖ ಸಣ್ಣದು ಮಾಡಿದ್ದುಂಟು. ಮಾಡಲಿ. ಗುಳ್ಳೆ ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯುವುದೂ ಅಷ್ಟೇ ಕೆಟ್ಟದ್ದು. ಗುಳ್ಳೆಯ ಜೊತೆ ಕಣ್ಣು ಕೆಂಪಾಗಿ ನೋವಾದರೆ ಅಂದೇ ಬಸ್ಸು ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.